ಹೊಲಿಗೆ ಯಂತ್ರ ಕೊಟ್ಟರೆ ಸಾಲದು, ಗಿರಾಕಿಯ ದಾರಿಯನ್ನೂ ತೋರಬೇಕು

(ಟ್ರಸ್ಟಿನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಥ ಸಭೆಗೆ ನಮ್ಮಂಥ ನಿವೃತ್ತ ಶಿಕ್ಷಕಿಯರನ್ನು ಕರೆದರೆ ಓದಿನ ಮಹತ್ವದ ಬಗ್ಗೆ ಮಾತನಾಡುವುದು ರೂಢಿ. ಈ ಬಾರಿ ಪದಾಧಿಕಾರಿಗಳು ಬೇರೆ ವಿಷಯ ಕೊಟ್ಟಿದ್ದಾರೆ. ಸಣ್ಣ ವ್ಯಾಪಾರ ಮಾಡುವವರಿಗೆ ಮೊಬೈಲ್ ಮತ್ತು ಇಂಟರ್ನೆಟ್ ಹೇಗೆ ನೆರವಾಗಬಹುದು ಎಂಬುದು ವಿಷಯ. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವರಿಗೆ ಇದರಲ್ಲಿ ಏನು ಗೊತ್ತು ಎಂದು ಕೆಲವರಿಗೆ ಅನ್ನಿಸಬಹುದು. ನಮಗೂ ಹಾಗೆಯೇ ಅನ್ನಿಸಿತ್ತು.

ಆದರೆ ಈ ವಿಷಯ ವಿದ್ಯಾರ್ಥಿವೇತನದಿಂದ ದೂರದ್ದಲ್ಲ. ಪ್ರತಿ ವರ್ಷ ಅರ್ಜಿಗಳನ್ನು ಪರಿಶೀಲಿಸುವಾಗ 'ತಾಯಿಯ ಉದ್ಯೋಗ' ಎಂಬ ಅಂಕಣದ ಮೇಲೆ ನಮ್ಮ ಕಣ್ಣು ನಿಲ್ಲುತ್ತದೆ. ಬೀಡಿ ಕಟ್ಟುವುದು, ಹೊಲಿಗೆ, ಮನೆಯಲ್ಲೇ ತಿಂಡಿ ತಯಾರಿ. ನಮ್ಮ ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಮಕ್ಕಳ ಪುಸ್ತಕ, ಬಸ್ ಪಾಸ್, ಔಷಧಿ ಎಲ್ಲವೂ ಬಂದದ್ದು ಬೀಡಿಯ ದುಡ್ಡಿನಿಂದ. ಈಗ ಬೀಡಿಯ ಕೆಲಸ ಹಿಂದಿನಂತಿಲ್ಲ. ಅದರ ಜಾಗಕ್ಕೆ ಏನು ಬರಬೇಕು ಎಂಬುದು ನಮ್ಮ ತಾಯಂದಿರ ಮುಂದಿರುವ ಪ್ರಶ್ನೆ. ಆ ಅಂಕಣದ ಆದಾಯ ಸ್ವಲ್ಪ ಏರಿದರೂ ಸಾಕು, ಒಂದು ಮಗು ಮುಂದಿನ ವರ್ಷ ಅರ್ಜಿ ಹಿಡಿದು ನಮ್ಮ ಬಾಗಿಲಿಗೆ ಬರಬೇಕಾಗಿಲ್ಲ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಟ್ರಸ್ಟಿನಿಂದ ಹೊಲಿಗೆ ಯಂತ್ರಗಳನ್ನು ವಿತರಿಸಿದೆವು. ಫೋಟೋ ತೆಗೆಸಿದೆವು, ವರದಿಯಲ್ಲಿ ಅಚ್ಚು ಹಾಕಿಸಿದೆವು. ಒಂದು ವರ್ಷ ಕಳೆದು, ಯಂತ್ರ ಪಡೆದ ಒಬ್ಬ ವಿಧವೆ ಸಹೋದರಿಯ ಮನೆಗೆ ಹೋದೆವು. ಯಂತ್ರದ ಮೇಲೆ ಹೂವಿನ ಬಟ್ಟೆ ಹೊದಿಸಿ, ಅದರ ಮೇಲೆ ಅಕ್ಕಿಯ ಡಬ್ಬಿ ಇಟ್ಟಿದ್ದರು. ಅವರು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. "ಹೊಲಿಗೆ ಬರುತ್ತದಲ್ಲ, ಯಾಕೆ ನಿಲ್ಲಿಸಿದಿರಿ?" ಎಂದು ಕೇಳಿದೆವು. "ಹೊಲಿಯಲಿಕ್ಕೆ ಬರುತ್ತದೆ ಟೀಚರೇ, ಹೊಲಿಸುವವರು ಬರಬೇಕಲ್ಲ" ಎಂದರು.

ಆ ಮಾತು ನಮ್ಮನ್ನು ಕುಟುಕಿತು. ಯಂತ್ರ ಕೊಟ್ಟೆವು, ತರಬೇತಿ ಕೊಟ್ಟೆವು, ಗಿರಾಕಿ ಎಲ್ಲಿಂದ ಬರಬೇಕು ಎಂದು ಯೋಚಿಸಲೇ ಇಲ್ಲ. ಅವರ ಮನೆ ಇರುವುದು ಮುಖ್ಯ ರಸ್ತೆಯಿಂದ ಒಳಗೆ, ಗುಡ್ಡದ ಬದಿಯಲ್ಲಿ. ಪೇಟೆಯಲ್ಲಿ ಅಂಗಡಿ ಹಿಡಿಯಲು ಅಡ್ವಾನ್ಸ್ ಕೊಡುವ ಶಕ್ತಿ ಇಲ್ಲ. ಬೋರ್ಡ್ ಹಾಕಿದರೂ ಓದುವವರು ಆ ದಾರಿಯಲ್ಲಿ ಬರುವುದಿಲ್ಲ.

ಅವರ ಮಗಳು ಆಗ ಪಿಯುಸಿಯಲ್ಲಿದ್ದಳು. ನಮ್ಮ ವಿದ್ಯಾರ್ಥಿವೇತನದ ಮಗು. ಅವಳು ತಾಯಿ ಹೊಲಿದ ಮಕ್ಕಳ ಫ್ರಾಕ್ ಒಂದನ್ನು ಕಿಟಕಿಯ ಬೆಳಕಿನಲ್ಲಿ ಹಿಡಿದು ಫೋಟೋ ತೆಗೆದು, ಬೆಲೆ ಬರೆದು, ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದಳು. ಮೊದಲ ಗಿರಾಕಿ ಬೆಂಗಳೂರಿನಿಂದ ಬರಲಿಲ್ಲ, ದುಬೈಯಿಂದಲೂ ಬರಲಿಲ್ಲ. ಒಂದು ಕಿಲೋಮೀಟರ್ ಆಚೆಯ ಮನೆಯಿಂದ ಬಂದರು. "ನೀವು ಹೊಲಿಯುತ್ತೀರೆಂದು ನಮಗೆ ಗೊತ್ತೇ ಇರಲಿಲ್ಲ" ಎಂದರಂತೆ.

ಬಿ.ಎಡ್. ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ ಸೂತ್ರ, ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಹೋಗಬೇಕು ಎಂಬುದು. ಮಗುವಿಗೆ ಮೊದಲು ತನ್ನ ಊರು, ಆಮೇಲೆ ಜಿಲ್ಲೆ, ಆಮೇಲೆ ದೇಶ. ಆನ್‌ಲೈನ್ ವ್ಯಾಪಾರಕ್ಕೂ ಇದೇ ಸೂತ್ರ ಎಂದು ನಾವು ತಿಳಿದಿದ್ದೇವೆ. ಇಂಟರ್ನೆಟ್ ಎಂದ ಕೂಡಲೇ ಲೋಕಕ್ಕೆಲ್ಲ ಮಾರುವ ಕನಸು ಕಾಣುತ್ತೇವೆ. ಮೊದಲು ನಮ್ಮನ್ನು ಬಲ್ಲವರಿಗೆ ನಮ್ಮ ಕೆಲಸ ಗೊತ್ತಾಗಲಿ. ಆ ಬಳಿಕ ನಮ್ಮ ಊರಿಗೆ, ಕೊನೆಗೆ ಅಪರಿಚಿತರಿಗೆ. ಇವು ಮೂರು ತರಗತಿಗಳು. ಒಂದನೆಯದನ್ನು ಪಾಸಾಗದೆ ಮೂರನೆಯದಕ್ಕೆ ಸೇರಿದವರು ಕೈ ಸುಟ್ಟುಕೊಳ್ಳುತ್ತಾರೆ.

ಒಂದನೆಯ ತರಗತಿ, ಬಲ್ಲವರು. ಇದಕ್ಕೆ ವಾಟ್ಸ್‌ಆ್ಯಪ್ ಸಾಕು. ಸಾಮಾನ್ಯ ವಾಟ್ಸ್‌ಆ್ಯಪ್ ಅಲ್ಲದೆ 'ವಾಟ್ಸ್‌ಆ್ಯಪ್ ಬಿಸಿನೆಸ್' ಎಂಬ ಬೇರೆ ಆ್ಯಪ್ 2018ರಿಂದ ಇದೆ. ಉಚಿತ. ಅದರಲ್ಲಿ ನಮ್ಮ ವಸ್ತುಗಳ ಫೋಟೋ, ಬೆಲೆ, ವಿವರ ಸೇರಿಸಿ ಕ್ಯಾಟಲಾಗ್ ಮಾಡಬಹುದು. ಗಿರಾಕಿ ಕೇಳಿದಾಗಲೆಲ್ಲ ಫೋಟೋ ಹುಡುಕಿ ಕಳಿಸುವ ಕಷ್ಟ ತಪ್ಪುತ್ತದೆ. ರಾತ್ರಿ ಬಂದ ಪ್ರಶ್ನೆಗೆ "ಬೆಳಿಗ್ಗೆ ಉತ್ತರಿಸುತ್ತೇವೆ" ಎಂದು ತಾನಾಗಿಯೇ ಹೇಳುವ ಏರ್ಪಾಡೂ ಇದೆ. ಇದಕ್ಕೆ ಮನೆಯ ನಂಬರ್ ಬೇಡ, ಬೇರೆ ಸಿಮ್ ಇಟ್ಟುಕೊಳ್ಳಿ. ಹೊಸ ವಿನ್ಯಾಸ ಬಂದಾಗ ತಿಳಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಬಹುದು. ಒಂದು ಪಟ್ಟಿಯಲ್ಲಿ 256 ಮಂದಿಯವರೆಗೆ ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಪ್ರತಿ ಪೊಟ್ಟಣದೊಳಗೆ ಒಂದು ಚೀಟಿ ಇಡಿ: "ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ."

ನಮ್ಮ ಊರಿನವರು ಗಲ್ಫಿನಲ್ಲಿದ್ದಾರೆ. ಅವರೂ ಬಲ್ಲವರೇ. ದಮ್ಮಾಮಿನಲ್ಲಿರುವ ಮಗ ಸ್ಟೇಟಸ್ ನೋಡಿ, ಊರಿನ ತಾಯಿಗೆ ಹಬ್ಬದ ದಿನ ಪತ್ತಿರ್ ಮತ್ತು ಕಲ್ತಪ್ಪ ತಲುಪಿಸಲು ಹೇಳಿದ್ದನ್ನು ನಾವು ಕಂಡಿದ್ದೇವೆ. ದುಡ್ಡು ಕೊಡುವವನು ಕಡಲಾಚೆ, ತಿನ್ನುವವರು ಎರಡು ಮನೆ ಆಚೆ. ಇಂಥ ಗಿರಾಕಿ ನಮ್ಮ ಕರಾವಳಿಗೆ ಸಿಕ್ಕ ಭಾಗ್ಯ.

ಎರಡನೆಯ ತರಗತಿ, ಊರು. ಈಗ ಜನ ಟೈಲರ್ ಬೇಕಿದ್ದರೂ ಗೂಗಲ್‌ನಲ್ಲಿ ಹುಡುಕುತ್ತಾರೆ. ಗೂಗಲ್ ಮ್ಯಾಪ್‌ನಲ್ಲಿ ನಮ್ಮ ವ್ಯಾಪಾರದ ಹೆಸರು, ಫೋನ್, ಸಮಯ ಸೇರಿಸಲು ಒಂದು ರೂಪಾಯಿಯೂ ಬೇಡ. "ಮನೆಯ ವಿಳಾಸ ಎಲ್ಲರಿಗೂ ಕಾಣುತ್ತದಲ್ಲ" ಎಂದು ಹೆಂಗಸರು ಹಿಂಜರಿಯುತ್ತಾರೆ. ಗಿರಾಕಿಯ ಮನೆಗೆ ತಲುಪಿಸುವ ವ್ಯಾಪಾರವಾದರೆ ವಿಳಾಸವನ್ನು ಮರೆಮಾಡಿ, ಯಾವ ಯಾವ ಊರುಗಳಿಗೆ ಸೇವೆ ಎಂದು ಮಾತ್ರ ತೋರಿಸುವ ಅವಕಾಶ ಅಲ್ಲಿದೆ. ಹಾಗೆಯೇ ಇನ್‌ಸ್ಟಾಗ್ರಾಂನಲ್ಲಿ ಮುಖ ತೋರಿಸಲೇಬೇಕೆಂದೇನೂ ಇಲ್ಲ. ಹೊಲಿಯುವ ಕೈ, ಬಟ್ಟೆಯ ಅಂಚು, ಮೆಹಂದಿಯ ಗೆರೆ ಕಂಡರೆ ಸಾಕು. ಕೆಲಸವೇ ಮುಖ.

ಮೂರನೆಯ ತರಗತಿ, ಅಪರಿಚಿತರು. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಮುಂತಾದವು. ಇಲ್ಲಿ ಗಿರಾಕಿಗಳು ಬಹಳ, ಲೆಕ್ಕವೂ ಬಹಳ. ತಾಣದ ಶುಲ್ಕ, ಸಾಗಣೆ, ಅಳತೆ ಸರಿಯಾಗದೆ ಹಿಂದೆ ಬರುವ ಬಟ್ಟೆ. ಒಂದು ಅನುಕೂಲದ ಬದಲಾವಣೆ ಆಗಿದೆ. ಹಿಂದೆ ಇಂಥ ತಾಣಗಳಲ್ಲಿ ವಸ್ತು ಮಾರಲು ಎಷ್ಟೇ ಸಣ್ಣ ವ್ಯಾಪಾರವಾದರೂ ಜಿಎಸ್‌ಟಿ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ, ನೋಂದಣಿಯ ಮಿತಿಗಿಂತ ಕೆಳಗಿರುವವರು ಪ್ಯಾನ್ ಆಧಾರದಲ್ಲಿ ಜಿಎಸ್‌ಟಿ ಪೋರ್ಟಲ್‌ನಿಂದ ಒಂದು ಸಂಖ್ಯೆ ಪಡೆದು, ತಮ್ಮ ರಾಜ್ಯದೊಳಗೆ ಮಾತ್ರ ಹೀಗೆ ಮಾರಬಹುದು. ಬೀದರಿನವರೆಗೆ ಕಳಿಸಬಹುದು, ಕಾಸರಗೋಡಿಗೆ ಕಳಿಸುವಂತಿಲ್ಲ. ಕೇರಳದ ಗಡಿಯಲ್ಲಿರುವ ನಮಗೆ ಇದು ಗೊತ್ತಿರಬೇಕು.

ಈಗ ಲೆಕ್ಕದ ವಿಷಯ. ಆ ಸಹೋದರಿ ಮೊದಲ ತಿಂಗಳು ಬಹಳ ಸಂತೋಷದಿಂದಿದ್ದರು. ನಾವು ಮಗಳ ಜೊತೆ ಕೂತು ಒಂದು ಫ್ರಾಕಿನ ಲೆಕ್ಕ ಬರೆದೆವು. ಬಟ್ಟೆ 180 ರೂಪಾಯಿ. ಲೇಸು, ದಾರ, ಗುಂಡಿ 40. ಪ್ಯಾಕಿಂಗ್ 10. ಕರೆಂಟು, ಯಂತ್ರದ ರಿಪೇರಿಗೆಂದು 10. ಒಟ್ಟು 240. ಅವರು ಮಾರಿದ್ದು 300ಕ್ಕೆ. "60 ರೂಪಾಯಿ ಲಾಭ ಟೀಚರೇ" ಎಂದರು. ಹೊಲಿಯಲು ಎಷ್ಟು ಹೊತ್ತು ಬೇಕಾಯಿತು? ಮೂರು ಗಂಟೆ. ಅಂದರೆ ಗಂಟೆಗೆ 20 ರೂಪಾಯಿ. ಅದರಲ್ಲಿ ಒಂದನ್ನು ಅಂಚೆಯಲ್ಲಿ ಕಳಿಸಿ, ಅದರ ಖರ್ಚು 60 ರೂಪಾಯಿಯನ್ನು ತಾವೇ ಕೊಟ್ಟಿದ್ದರು. ಮೂರು ಗಂಟೆಯ ದುಡಿಮೆ ಧರ್ಮಕ್ಕೆ ಹೋಯಿತು.

ನಮ್ಮ ತಾಯಂದಿರು ಬಟ್ಟೆಗೆ ಬೆಲೆ ಕಟ್ಟುತ್ತಾರೆ, ತಮ್ಮ ಕೈಗೆ ಕಟ್ಟುವುದಿಲ್ಲ. ಮನೆಯಲ್ಲೇ ಕೂತು ಮಾಡಿದ್ದಲ್ಲವೇ ಎಂಬ ಭಾವನೆ. ಬೆಲೆ ಇಡುವಾಗ ಕೂಲಿಯನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಬೆಲೆಯನ್ನು ಫೋಟೋದ ಕೆಳಗೇ ಬರೆಯಿರಿ. "ಬೆಲೆಗೆ ಮೆಸೇಜ್ ಮಾಡಿ" ಎಂದು ಬರೆದರೆ ಸಂಕೋಚದ ಗಿರಾಕಿ ಮುಂದೆ ಹೋಗುತ್ತಾರೆ. ಸಾಗಣೆ ಖರ್ಚು ಬೇರೆ ಎಂದು ಮೊದಲೇ ತಿಳಿಸಿ. ಮಳೆಗಾಲದಲ್ಲಿ ಪೊಟ್ಟಣದ ಒಳಗೆ ಒಂದು ಪ್ಲಾಸ್ಟಿಕ್ ಕವರ್ ಇರಲಿ; ನೆನೆದ ಬಟ್ಟೆ ತಲುಪಿದರೆ ನಿಮ್ಮ ಹೆಸರೂ ನೆನೆಯುತ್ತದೆ.

ಫೋಟೋದ ವಿಷಯದಲ್ಲಿ ಒಂದು ಮಾತು. ಪ್ರವಾದಿ ಮುಹಮ್ಮದ್ (ಸ) ಅವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಪ್ರಸಂಗ ನಿಮಗೆಲ್ಲ ಗೊತ್ತು. ಮೇಲೆ ಒಣಗಿತ್ತು, ಒಳಗೆ ಒದ್ದೆ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿದರು. ಇಂದು ನಮ್ಮ ಧಾನ್ಯದ ರಾಶಿ ಮೊಬೈಲ್ ಪರದೆಯ ಮೇಲಿದೆ. ಗಿರಾಕಿ ಕೈ ಹಾಕಿ ನೋಡುವಂತಿಲ್ಲ. ಆದ್ದರಿಂದ ನಮ್ಮ ಜವಾಬ್ದಾರಿ ಹೆಚ್ಚು. ಬಣ್ಣ ಫೋಟೋದಲ್ಲಿ ಹೆಚ್ಚು ಗಾಢವಾಗಿ ಕಂಡರೆ ಹಾಗೆಂದು ಬರೆಯಿರಿ. ಬೇರೆಯವರ ಫೋಟೋ ಕದ್ದು ಹಾಕಬೇಡಿ. ಬಂಧುಗಳಿಂದ ಸುಳ್ಳು ವಿಮರ್ಶೆ ಬರೆಸಬೇಡಿ. ನಿಜವಾಗಿ ಕೊಂಡವರನ್ನು ಎರಡು ಮಾತು ಬರೆಯಿರೆಂದು ಕೇಳಿಕೊಳ್ಳಿ. ನಂಬಿಕೆಯೇ ನಮ್ಮ ಬಂಡವಾಳ, ಅದು ಅಮಾನತ್.

ಇನ್ನು ಈ ಕಥೆಯ ಕಹಿ ಭಾಗ. ಆ ತಾಯಿಯ ಅನುಮತಿ ಪಡೆದೇ ಹೇಳುತ್ತಿದ್ದೇವೆ. ಮಗಳು ಪಿಯುಸಿ ಮುಗಿಸಿ ಕಾಲೇಜಿಗೆ ಸೇರಬೇಕಿದ್ದ ತಿಂಗಳು. ಒಬ್ಬ ಫೋನ್ ಮಾಡಿ, ತಾನು ಸೇನೆಯ ಅಧಿಕಾರಿ, ಮಕ್ಕಳ ಕಾರ್ಯಕ್ರಮಕ್ಕೆ ಇಪ್ಪತ್ತು ಫ್ರಾಕ್ ಬೇಕು, ಹಣವನ್ನು ಮುಂಗಡವಾಗಿಯೇ ಕಳಿಸುತ್ತೇನೆ ಎಂದ. ಒಂದು ಕ್ಯೂಆರ್ ಕೋಡ್ ಕಳಿಸಿದ. "ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ನಿಮ್ಮ ಖಾತೆಗೆ ಬರುತ್ತದೆ" ಎಂದ. ಅವರು ಹಾಕಿದರು. ಖಾತೆಯಲ್ಲಿದ್ದ 8,000 ರೂಪಾಯಿ ಹೋಯಿತು. ಕಾಲೇಜಿನ ಫೀಸಿಗೆಂದು ಕೂಡಿಟ್ಟ ದುಡ್ಡು.

ಎರಡು ದಿನ ಅವರು ಯಾರಿಗೂ ಹೇಳಲಿಲ್ಲ. ನಾಚಿಕೆ. ಮಗಳಿಗೆ ತಿಳಿದಾಗ, ಇದನ್ನೆಲ್ಲ ಶುರು ಮಾಡಿದ್ದು ತಾನೇ ಎಂದು ಅತ್ತು, ಓದು ಬಿಡುತ್ತೇನೆ ಎಂದಳಂತೆ. ನಾವು ಹೋದಾಗ ಆ ತಾಯಿ ಹೇಳಿದ್ದು: "ಟೀಚರೇ, ನಮಗೆ ಮೊಬೈಲ್ ಬೇಡ, ಬೀಡಿಯೇ ಸಾಕು. ಅದರಲ್ಲಿ ಮೋಸವಾದರೂ ಎಷ್ಟು ಎಂದು ಗೊತ್ತಿರುತ್ತದೆ." ನಮ್ಮಲ್ಲಿ ಉತ್ತರ ಇರಲಿಲ್ಲ. ಸ್ಟೇಟಸ್ ಹಾಕಲು ಹುರಿದುಂಬಿಸಿದವರು ನಾವೂ ಹೌದು. ಹಣ ಪಡೆಯುವುದು ಹೇಗೆ ಎಂದು ಹೇಳಿಕೊಡದೆ ವ್ಯಾಪಾರಕ್ಕೆ ಕಳಿಸಿದ್ದೆವು. ಈಜು ಕಲಿಸದೆ ಹೊಳೆಗೆ ಇಳಿಸಿದ ಹಾಗೆ.

ಆ ಹಣ ಮರಳಿ ಬರಲಿಲ್ಲ. ಇಂಥ ಮೋಸವಾದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಇದು ಆನ್‌ಲೈನ್ ವಂಚನೆಗೆಂದೇ ಇರುವ ಸರ್ಕಾರದ ಸಹಾಯವಾಣಿ. ಬೇಗ ತಿಳಿಸಿದರೆ ವಂಚಕನ ಖಾತೆಯಲ್ಲೇ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಎರಡು ದಿನದ ಮೌನದಲ್ಲಿ ಆ ಸಾಧ್ಯತೆ ಕೈತಪ್ಪಿತು. ಮೋಸ ಹೋದವರು ತಲೆ ತಗ್ಗಿಸಬೇಕಾಗಿಲ್ಲ, ಮೋಸ ಮಾಡಿದವನು ತಗ್ಗಿಸಬೇಕು. ಈ ಮಾತನ್ನು ಮನೆಯ ಗಂಡಸರೂ ಕೇಳಿಸಿಕೊಳ್ಳಲಿ. ಹಣ ಕಳೆದುಕೊಂಡ ಹೆಣ್ಣುಮಗಳನ್ನು ಗದರಿಸಿದರೆ ಮುಂದಿನ ಸಲ ಅವಳು ಎರಡು ದಿನವಲ್ಲ, ಎರಡು ತಿಂಗಳು ಹೇಳುವುದಿಲ್ಲ.

ಆ ಸಲದ ಫೀಸಿಗೆ ಟ್ರಸ್ಟ್ ನೆರವಾಯಿತು. ಅದಕ್ಕಿಂತ ಮುಖ್ಯವಾಗಿ ನಾವು ಅವರ ಮನೆಯಲ್ಲಿ ಕೂತು, ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು, ಯಂತ್ರದ ಎದುರಿನ ಗೋಡೆಗೆ ಅಂಟಿಸಿದೆವು. ಆ ನಾಲ್ಕು ಸಾಲು ನಿಮಗೂ ಬೇಕು.

ಒಂದು, ಯುಪಿಐ ಪಿನ್ ಹಾಕುವುದು ಹಣ ಕೊಡಲು ಮಾತ್ರ. ಹಣ ಪಡೆಯಲು ಪಿನ್ ಬೇಡ, ಸ್ಕ್ಯಾನ್ ಬೇಡ.
ಎರಡು, ಒಟಿಪಿಯನ್ನೂ ವಾಟ್ಸ್‌ಆ್ಯಪ್‌ನ ಆರು ಅಂಕಿಯ ಕೋಡನ್ನೂ ಯಾರಿಗೂ ಹೇಳಬಾರದು.
ಮೂರು, ಗಿರಾಕಿ ತೋರಿಸಿದ ಸ್ಕ್ರೀನ್‌ಶಾಟ್ ನಂಬಬಾರದು, ನಮ್ಮ ಖಾತೆಯನ್ನೇ ನೋಡಬೇಕು.
ನಾಲ್ಕು, ದೊಡ್ಡ ಆರ್ಡರ್ ಬಂದರೆ ಅರ್ಧ ಹಣ ಕೈಸೇರಿದ ಮೇಲೆಯೇ ಬಟ್ಟೆ ಕತ್ತರಿಸಬೇಕು.

ಅವರು ಮತ್ತೆ ಶುರು ಮಾಡಲು ಮೂರು ತಿಂಗಳು ಬೇಕಾಯಿತು. ಅದಕ್ಕೆ ಧೈರ್ಯ ಕೊಟ್ಟವರು ನಾವಲ್ಲ, ಆ ಒಂದು ಕಿಲೋಮೀಟರ್ ಆಚೆಯ ಗಿರಾಕಿ. ಹಬ್ಬಕ್ಕೆ ಮಗಳ ಫ್ರಾಕ್ ನಿಮ್ಮಿಂದಲೇ ಆಗಬೇಕೆಂದು ಬಟ್ಟೆ ಹಿಡಿದು ಬಂದರಂತೆ.

ಕಾಗದಪತ್ರದ ಬಗ್ಗೆಯೂ ಚುಟುಕಾಗಿ ಹೇಳಬೇಕು. 'ಉದ್ಯಮ್' ನೋಂದಣಿ 2020ರ ಜುಲೈ 1ರಿಂದ ಇದೆ. ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತವಾಗಿ ಆಗುತ್ತದೆ. ಸರ್ಕಾರದ್ದೆಂದೇ ತೋರುವ ಖಾಸಗಿ ತಾಣಗಳು ಇದಕ್ಕೆ ಹಣ ಕೇಳುತ್ತವೆ, ಕೊಡಬೇಡಿ. ಬ್ಯಾಂಕ್ ಸಾಲ ಕೇಳುವಾಗ ಈ ಪ್ರಮಾಣಪತ್ರ ಉಪಯೋಗಕ್ಕೆ ಬರುತ್ತದೆ. ತಿಂಡಿ, ಉಪ್ಪಿನಕಾಯಿ ಮಾರುವವರು ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿದ್ದರೆ ಗಿರಾಕಿಗೂ ಭರವಸೆ.

2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಬರೆದು ಹಾಕಿದರು. ನಮ್ಮ ಸಹೋದರಿಯರೂ ಹೆದರಿ ಕೇಳಿದರು. ವಸ್ತು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ಮೀರಿದರೆ ಜಿಎಸ್‌ಟಿ ನೋಂದಣಿ ಎಂಬುದು ನಮ್ಮಲ್ಲಿನ ಸಾಮಾನ್ಯ ಮಿತಿ. ಮನೆಯಲ್ಲಿ ಹೊಲಿಯುವವರು ಅದರ ಹತ್ತಿರವೂ ಇಲ್ಲ. ಹೆದರಿ ಕೋಡ್ ಕೀಳುವ ಬದಲು ಒಂದು ಪುಸ್ತಕದಲ್ಲಿ ದಿನದ ಲೆಕ್ಕ ಬರೆಯಿರಿ. ಗಲ್ಫಿನ ಮಗ ಕಳಿಸಿದ ಮನೆ ಖರ್ಚು ಒಂದು ಖಾತೆಗೆ, ವ್ಯಾಪಾರದ ಹಣ ಇನ್ನೊಂದು ಖಾತೆಗೆ ಬರಲಿ.

ಆ ಇನ್ನೊಂದು ಖಾತೆ ದುಡಿಯುವವಳ ಹೆಸರಿನಲ್ಲೇ ಇರಲಿ. ಸಿಮ್ ಅವಳ ಹೆಸರಿನಲ್ಲಿರಲಿ. ಹೊಲಿಯುವವಳು ಒಬ್ಬಳು, ಕ್ಯೂಆರ್ ಕೋಡ್ ಭಾವನದ್ದು ಎಂಬ ಏರ್ಪಾಡು ಬೇಡ. ನಮ್ಮ ಧರ್ಮ ಹೆಣ್ಣಿನ ಗಳಿಕೆಯನ್ನು ಅವಳ ಹಕ್ಕೆಂದೇ ಕಂಡಿದೆ. ಹಝ್ರತ್ ಖದೀಜಾ (ರ) ಅವರು ವ್ಯಾಪಾರಸ್ಥೆಯಾಗಿದ್ದರು ಎಂದು ಭಾಷಣದಲ್ಲಿ ಹೆಮ್ಮೆಯಿಂದ ಹೇಳುವ ನಾವು, ಮನೆಯ ಹೆಣ್ಣುಮಗಳ ಕೈಗೆ ಪಾಸ್‌ಬುಕ್ ಕೊಡಲು ಹಿಂದೆಮುಂದೆ ನೋಡಬಾರದು.

ಕೊನೆಗೆ, ವಿದ್ಯಾರ್ಥಿವೇತನ ಪಡೆಯುವ ಮಕ್ಕಳಲ್ಲಿ ಒಂದು ವಿನಂತಿ. ಇದು ಷರತ್ತಲ್ಲ, ವೇತನಕ್ಕೂ ಇದಕ್ಕೂ ಸಂಬಂಧವಿಲ್ಲ. ವಾರದಲ್ಲಿ ಒಂದು ಗಂಟೆ ನಿಮ್ಮ ತಾಯಿಯ ಜೊತೆ, ಇಲ್ಲವೇ ನೆರೆಮನೆಯ ಒಬ್ಬರ ಜೊತೆ ಕೂತುಕೊಳ್ಳಿ. ಫೋಟೋ ತೆಗೆದುಕೊಡಿ, ಬೆಲೆ ಲೆಕ್ಕ ಹಾಕಿಕೊಡಿ, ಆ ನಾಲ್ಕು ಸಾಲು ಗೋಡೆಗೆ ಅಂಟಿಸಿ. ಫೋನ್ ಕಸಿದುಕೊಂಡು "ನಾನೇ ಮಾಡುತ್ತೇನೆ, ನಿಮಗೆ ತಿಳಿಯುವುದಿಲ್ಲ" ಎನ್ನಬೇಡಿ. ಅವರ ಕೈಯಿಂದಲೇ ಮಾಡಿಸಿ. ನೀವು ಅಕ್ಷರ ಕಲಿಯುವಾಗ ನಾವು ನಿಮ್ಮ ಕೈ ಹಿಡಿದು ಬರೆಸಿದೆವೇ ಹೊರತು ನಾವೇ ಬರೆದು ಕೊಡಲಿಲ್ಲ.

ಈ ವರ್ಷದ ಅರ್ಜಿಗಳನ್ನು ನೋಡುವಾಗ ಆ ಹುಡುಗಿಯ ಅರ್ಜಿ ಕಾಣಲಿಲ್ಲ. ಅವಳು ಈಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಓದು ನಿಲ್ಲಿಸಿದಳೋ ಎಂದು ಗಾಬರಿಯಾಗಿ ಫೋನ್ ಮಾಡಿದೆವು. ತಾಯಿಯೇ ಮಾತನಾಡಿದರು. "ಇಲ್ಲ ಟೀಚರೇ, ಕಾಲೇಜಿಗೆ ಹೋಗುತ್ತಿದ್ದಾಳೆ. ಈ ವರ್ಷದ ಫೀಸು ಆಗಿದೆ. ನಮ್ಮದನ್ನು ಬೇರೆ ಮಗುವಿಗೆ ಕೊಡಿ" ಎಂದರು. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು. ಜೂನ್ ತಿಂಗಳ ಯೂನಿಫಾರ್ಮ್ ಕೆಲಸಕ್ಕೆ ಪಕ್ಕದ ಮನೆಯವರೂ ಬಂದು ಕೂತಿದ್ದಾರಂತೆ.

ಹಾಗೆ ಬಿಟ್ಟುಕೊಟ್ಟ ಆ ಒಂದು ಸ್ಥಾನ ಇಂದು ಈ ಸಭೆಯಲ್ಲಿ ಕೂತಿರುವ ಯಾವುದೋ ಒಂದು ಮಗುವಿಗೆ ಹೋಗಿದೆ. ಯಾರಿಗೆ ಎಂದು ನಾವು ಹೇಳುವುದಿಲ್ಲ. ಪ್ರತಿಯೊಬ್ಬರೂ ತನಗೇ ಎಂದು ತಿಳಿದು ಓದಿ. ಅಲ್ಲಾಹನು ನಮ್ಮ ತಾಯಂದಿರ ದುಡಿಮೆಯಲ್ಲಿ ಬರಕತ್ ನೀಡಲಿ, ಮೋಸದಿಂದ ಕಾಪಾಡಲಿ. ಆಮೀನ್.